ಆ ನೋವನ್ನ ಸಹಿಸಲೇಬೇಕಾ?

ಕ್ಯಾನ್ಸರ್ ವಾಸಿಯಾಗಲ್ಲ ಅಂತ ಡಾಕ್ಟರು ಹೇಳಿಬಿಟ್ರು.
ಹಾಗಾದ್ರೆ ನೋವಿಗೂ ಮದ್ದಿಲ್ವಾ?

ಇದೆ.
ಅದೇ ಪ್ಯಾಲಿಯೇಟಿವ್ ಕೇರ್, ಉಪಶಾಮಕ ಆರೈಕೆ.

ಇದಕ್ಕಾಗೇ ದಿಲ್ಲಿಯಲ್ಲಿ 1996ರಲ್ಲಿ
ಹರ್ಮಾಲಾ ಗುಪ್ತಾ ‘ಕ್ಯಾನ್‌ಸಪೋರ್ಟ್’ ಅನ್ನೋ ಸಂಸ್ಥೆ ಶುರು ಮಾಡಿದ್ರು.
ಅವರೂ ಕ್ಯಾನ್ಸರ್ ಗೆದ್ದು ಬಂದವರು.
ಡಾಕ್ಟರು, ನರ್ಸು, ಕೌನ್ಸೆಲರು
ರೋಗಿಯ ಮನೆಗೇ ಹೋಗ್ತಾರೆ.
ದುಡ್ಡು ತಗೊಳ್ಳಲ್ಲ.

ಈಗ ಮುಖ್ಯ ವಿಷಯ ಕೇಳಿ.
ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಕೊಡ್ತಾರೆ.
ನೋವು ಕೆರಳಿದಾಗ ಮಾತ್ರ ಅಲ್ಲ,
ಹೊತ್ತು ಹೊತ್ತಿಗೆ, ತಪ್ಪದೆ.
ಪೈರು ಒಣಗಿದ ಮೇಲೆ ನೀರು ಬಿಟ್ರೆ ಏನು ಬಂತು?
ಬಾಡೋಕೆ ಮೊದಲೇ ಬಿಡಬೇಕು.
ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ
ಗಡಿಯಾರ ನೋಡಿ ಮದ್ದು ಕೊಡಿ ಅಂತ ಹೇಳಿದೆ.

‘ಅಯ್ಯೋ, ಚಟ ಹತ್ತುತ್ತೆ’ ಅಂತೀರಾ?
ಡಾಕ್ಟರು ಅಳೆದು, ಗಮನಿಸ್ತಾ ಕೊಟ್ರೆ
ಆ ಭಯ ಬಹಳ ಕಡಿಮೆ.
ಮಲಬದ್ಧತೆ ಆಗುತ್ತೆ, ನಿಜ.
ಅದಕ್ಕೂ ಜೊತೆಗೇ ಔಷಧಿ ಕೊಡ್ತಾರೆ.

ಮತ್ಯಾಕೆ ಮಾರ್ಫಿನ್ ಸುಲಭಕ್ಕೆ ಸಿಗ್ತಿರಲಿಲ್ಲ?
1985ರ ಮಾದಕವಸ್ತು ಕಾನೂನು.
ಲೈಸೆನ್ಸ್ ಮೇಲೆ ಲೈಸೆನ್ಸ್.
ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ವು.
ಮಾರ್ಫಿನ್ ತೆಗೆಯೋ ಅಫೀಮನ್ನ ಸರ್ಕಾರದ ಪರವಾನಗಿಯಲ್ಲೇ ಬೆಳೆಯೋ ದೇಶ ನಮ್ಮದು.
ಇಲ್ಲೇ ರೋಗಿಗಳು ನರಳಿದ್ರು.
ಇದು ಅನ್ಯಾಯ ಅಲ್ವಾ?
2014ರಲ್ಲಿ ಸಂಸತ್ತು ಆ ಕಾನೂನನ್ನ ಸಡಿಲಿಸಿತು.

ಬೆಂಗಳೂರಲ್ಲಿ ಇಂಥದೇ ಆರೈಕೆ ಕೊಡೋ ಕರುಣಾಶ್ರಯ ಇದೆ.
ಅಲ್ಲೂ ಆರೈಕೆ ಉಚಿತ.

ನಿಮ್ಮ ಮನೇಲಿ ಯಾರಾದ್ರೂ ನೋವು ತಿಂತಿದ್ರೆ,
ಡಾಕ್ಟರ್‌ನ ನೇರವಾಗಿ ಕೇಳಿ:
‘ನೋವಿಗೆ ಏನು ಕೊಡ್ತೀರಿ?’
ಕೊನೇ ದಿನಗಳಿಗೆ ಅಂತ ಕಾಯಬೇಡಿ,
ಇವತ್ತೇ ಕೇಳಿ.