ವೀರಗಾಸೆಯ ಕಾಲಿಗೊಪ್ಪುವ ಗೆಜ್ಜೆ

ಶ್ರಾವಣಮಾಸ ಸಮೀಪಿಸಿತೆಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ವೀರಗಾಸೆ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಉಡುಗೆ-ತೊಡುಗೆಗಳ ಚಿಂತೆ ಮೊದಲಾಗುತ್ತದೆ. ಕಾವಿಯ ಉಡುಪು, ರುದ್ರಾಕ್ಷಿ, ನಾಗಾಭರಣ, ತಲೆಗೆ ಚೌರಿ, ಎಡಗೈಯ ಹಲಗೆ, ಬಲಗೈಯ ಖಡ್ಗ ಎಲ್ಲವನ್ನೂ ಹಿರಿಯರು ಕಕ್ಕುಲತೆಯಿಂದ ಹೊಂದಿಸುತ್ತಾರೆ. ಗೆಜ್ಜೆಯನ್ನು ಮಾತ್ರ ಜಾತ್ರೆಯ ಅಂಗಡಿಯಲ್ಲಿ ಹೊಳಪು ನೋಡಿ ಕೊಂಡುಬಿಡುವುದು ರೂಢಿಯಾಗಿದೆ. ಮಗುವಿನ ಕಣಕಾಲು ಬಾತಾಗ ದೋಷವನ್ನು ಕುಣಿತದ ಮೇಲೆ ಹೊರಿಸುತ್ತೇವೆ. ಮರುವರ್ಷ ಆ ಮಗು ಕುಣಿತವನ್ನೇ ತೊರೆಯುತ್ತದೆ.

ವೀರಗಾಸೆಯವರು ಬರಿಗಾಲಿನಲ್ಲಿ ಕುಣಿಯುವವರು. ಸಂಬಾಳ, ಚಮಾಳಗಳ ಪೆಟ್ಟಿಗೆ ಹೆಜ್ಜೆ ಕೂಡಿತೋ ಇಲ್ಲವೋ ಎಂಬುದನ್ನು ನೋಡುವವರಿಗೆ ತಿಳಿಸುವುದು ಗೆಜ್ಜೆ. ಒಡಪು ಹೇಳುವಾಗ ವಾದ್ಯಗಳು ತಗ್ಗುತ್ತವೆ; ಆಗ ಸಡಿಲವಾಗಿ ಕಟ್ಟಿದ ಗೆಜ್ಜೆ ಸುಮ್ಮನೆ ಝಣಗುಟ್ಟಿದರೆ ವೀರಭದ್ರನ ಮಹಿಮೆಯ ಮಾತೇ ಕೇಳಿಸದು.

ಕಾಲಿನಿಂದಲೇ ತಾಳ ನುಡಿಸುವ ಪದ್ಧತಿ ಪರದೇಶಗಳಲ್ಲಿಯೂ ಉಂಟು. ಐರ್ಲೆಂಡಿನ ಸಾಂಪ್ರದಾಯಿಕ ಕುಣಿತದಲ್ಲಿ ಎರಡು ಬಗೆಯ ಪಾದರಕ್ಷೆಗಳಿವೆ. ಹಗುರ ಹೆಜ್ಜೆಗಳಿಗೆ ಹೆಣ್ಣುಮಕ್ಕಳು ದಾರ ಬಿಗಿದು ಕಟ್ಟುವ ಮೆತ್ತನೆಯ ಚರ್ಮದ ಜೋಡು. ಸದ್ದಿನ ಹೆಜ್ಜೆಗಳಿಗೆ ತುದಿಯಲ್ಲಿಯೂ ಹಿಮ್ಮಡಿಯಲ್ಲಿಯೂ ಗಟ್ಟಿ ವಸ್ತುವನ್ನು ಕೂರಿಸಿದ ಬೂಟು. ಚರ್ಮವು ಬಳಸುತ್ತ ಹಿಗ್ಗುವುದರಿಂದ ಮೆತ್ತನೆಯ ಜೋಡನ್ನು ಪಾದಕ್ಕೆ ಅಂಟಿದಂತೆ ಕೊಳ್ಳುತ್ತಾರೆ. ಬೆಳೆಯುವ ಮಗು, ಇನ್ನೆರಡು ವರ್ಷ ಬರಲಿ ಎಂದು ದೊಡ್ಡದನ್ನು ಕೊಳ್ಳುವ ನಮ್ಮ ಜಾಣತನ ಅಲ್ಲಿ ನಡೆಯದು. ಸಡಿಲ ಜೋಡಿನಲ್ಲಿ ಹಾರಿದರೆ ಕಾಲು ಹೊರಳುತ್ತದೆ.

ಗೆಜ್ಜೆಯ ಪುಣ್ಯವೆಂದರೆ ಅದು ಮಗುವಿನೊಡನೆ ಬೆಳೆಯಬಲ್ಲದು. ಎಂಟು-ಹತ್ತು ವಯಸ್ಸಿನವರಿಗೆ ಒಂದೇ ಸಾಲು ಸಾಕು. ಹುರಿಯಲ್ಲಿ ಪೋಣಿಸಿದ್ದಾದರೆ ಕಾಲು ಬಲಿತಂತೆ ಇನ್ನಷ್ಟು ಗೆಜ್ಜೆಗಳನ್ನು ಸೇರಿಸುತ್ತ ಹೋಗಬಹುದು. ಕಥಕ್ ನರ್ತಕರು ಒಂದೊಂದು ಕಾಲಿಗೆ ನೂರಕ್ಕೂ ಮೀರಿ ಕಟ್ಟುತ್ತಾರೆಂದು ಕೇಳಿ ಮಕ್ಕಳ ಕಾಲಿಗೆ ಆ ಭಾರ ಹೇರುವುದು ಸಲ್ಲದು. ಅವರು ವರ್ಷಾನುಗಟ್ಟಲೆ ಸಾಧನೆ ಮಾಡಿ ಅಲ್ಲಿಗೆ ಮುಟ್ಟಿದವರು.

ಕೊಳ್ಳುವಾಗ ಒಂದೊಂದು ಗೆಜ್ಜೆಯನ್ನೂ ಕಿವಿಯ ಬಳಿ ಅಲುಗಿಸಿ ಕೇಳಬೇಕು. ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಬಾಯಿಯ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಚೂಪಾಗಿದ್ದರೆ ಚರ್ಮವನ್ನೂ ಬಟ್ಟೆಯನ್ನೂ ಸೀಳುತ್ತದೆ. ಎರಡೂ ಕಾಲಿನವು ತೂಕದಲ್ಲಿ ಸಮನಾಗಿರಲಿ. ಅಂಗಡಿಯವರು ಬೇಸರಿಸಿಕೊಂಡರೂ ಚಿಂತೆಯಿಲ್ಲ, ತಕ್ಕಡಿಯಲ್ಲಿ ಇಡಿಸಿ ನೋಡಿರಿ.

ಹುರಿಯೋ ಚರ್ಮದ ಪಟ್ಟಿಯೋ ಎಂಬ ಪ್ರಶ್ನೆಯನ್ನು ಭಕ್ತರು ನಮ್ಮಲ್ಲಿ ಪದೇ ಪದೇ ಕೇಳುತ್ತಾರೆ. ಪಟ್ಟಿಯನ್ನು ಬೇಗನೆ ಕಟ್ಟಬಹುದು, ಭಾರವೂ ಕಾಲಿನ ಸುತ್ತ ಹರಡಿಕೊಳ್ಳುತ್ತದೆ. ಆದರೆ ಬೆವರಿನಿಂದ ತೊಯ್ದದ್ದನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ನೆರಳಿನಲ್ಲಿ ಆರಿಸಲೇಬೇಕು. ಹತ್ತಿಯ ಹುರಿಯನ್ನು ಒಗೆಯಬಹುದು, ಆದರೆ ನೆನೆದಾಗ ಗಂಟು ಬಿಗಿದು ಕಾಲನ್ನು ಕೊರೆಯುತ್ತದೆ. ಮಕ್ಕಳಿಗೆ ಹುರಿಯೇ ಲೇಸೆಂದು ನಮ್ಮ ಅಭಿಮತ. ಚರ್ಮವೆಂದರೆ ಮೈಲಿಗೆಯೆಂದು ಹಿಂಜರಿಯುವವರ ಮಾತು ಬೇರೆ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ಅರ್ಪಿಸಿದ ಹರಳಯ್ಯ-ಕಲ್ಯಾಣಮ್ಮ ದಂಪತಿಗಳ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರಿಡುವ ನಾವು, ಅದೇ ಕಾಯಕದ ಕೈಯಿಂದ ಬಂದ ಪಟ್ಟಿಯನ್ನು ಮುಟ್ಟಲು ಅಳುಕುವುದು ಯಾವ ಧರ್ಮವೋ ತಿಳಿಯದು.

ಕಟ್ಟುವ ಮುನ್ನ ಮೆತ್ತನೆಯ ಹಳೆಯ ಬಟ್ಟೆಯನ್ನು ಕಾಲಿಗೆ ಸುತ್ತಬೇಕು. ಗೆಜ್ಜೆಯ ಭಾರ ಕಣಕಾಲಿನ ಮೂಳೆಯ ಮೇಲೆ ಬೀಳದಂತೆ ಅದರಿಂದ ತುಸು ಮೇಲಕ್ಕೆ ಕಟ್ಟುವುದು ವಾಸಿ. ಕಟ್ಟಿದ ಮೇಲೆ ಬೆರಳೊಂದು ಒಳನುಸುಳುವಷ್ಟು ಎಡೆಯಿರಲಿ. ಬೆರಳುಗಳು ತಣ್ಣಗಾದರೆ, ಜೋಮು ಹಿಡಿದರೆ, ಪೂಜೆಯ ನಡುವೆಯಾದರೂ ಸರಿ, ಬಿಚ್ಚಿ ಕಟ್ಟಿರಿ.

ಮೈಸೂರು ದಸರೆಯ ಮೆರವಣಿಗೆಯಲ್ಲಿಯೂ ವೀರಗಾಸೆ ತಂಡಗಳು ಸಾಗುತ್ತವೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರು. ಬಿಸಿಲಿಗೆ ಕಾದ ಟಾರು ರಸ್ತೆ. ಈಗ ಹೆಣ್ಣುಮಕ್ಕಳ ತಂಡಗಳೂ ಮುಂದೆ ಬಂದಿರುವುದು ಸಂತೋಷದ ಸಂಗತಿ. ಊರ ಮೆರವಣಿಗೆಯಾದರೆ ಹಿರಿಯರು ಮುಂಚಿತವಾಗಿ ದಾರಿಗೆ ನೀರು ಹಾಕಿಸಲಿ, ಕುಣಿದು ಬಂದ ಮಕ್ಕಳ ಅಂಗಾಲನ್ನು ತೊಳೆದು ಗುಳ್ಳೆ ಎದ್ದಿದೆಯೇ ಎಂದು ನೋಡಲಿ. ಹಿತ್ತಾಳೆಯ ಗೆಜ್ಜೆಯನ್ನು ಹುರಿಯಿಂದ ಬಿಚ್ಚಿ ಹುಣಸೆಹಣ್ಣಿನಿಂದ ಉಜ್ಜಿ, ಚೆನ್ನಾಗಿ ಒರೆಸಿ, ತೇವ ಪೂರಾ ಆರಿದ ಮೇಲೆ ಹೊಸ ಹುರಿಗೆ ಪೋಣಿಸಿಟ್ಟರೆ ಕಾರ್ತಿಕಕ್ಕೆ ಸಿದ್ಧ.