ನ್ಯಾಯವಾದಿ ಲೂಯಿಸ್ ನೈಜರ್

ವಕೀಲಿ ವೃತ್ತಿಯೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ಕರಿಯ ನಿಲುವಂಗಿ, ಏರಿದ ಕಂಠ, ಮೇಜಿನ ಮೇಲೆ ರಾಶಿಬಿದ್ದ ಕಾಗದದ ಕಟ್ಟುಗಳು. ಕೋರ್ಟಿನ ಮೆಟ್ಟಲನ್ನು ತುಳಿಯುವ ಕಾಲ ಬಾರದಿರಲೆಂದು ಗೃಹಸ್ಥನಾದವನು ಹಾರೈಸುವುದು ಸಹಜವೇ. ಆದರೆ ಹೆಸರನ್ನೂ ಅನ್ನವನ್ನೂ ಒಂದೇ ಪೆಟ್ಟಿಗೆ ಕಳೆದುಕೊಂಡವನಿಗೆ ಆ ಮೆಟ್ಟಲುಗಳ ಹೊರತು ಬೇರೆ ಗತಿಯಿಲ್ಲವೆಂಬ ಸಂದರ್ಭಗಳೂ ಉಂಟು. ಅಂತಹ ಅನೇಕರ ಪಕ್ಷವನ್ನು ಹಿಡಿದು ವಾದಿಸಿದ ನ್ಯೂಯಾರ್ಕ್ ನಗರದ ಲೂಯಿಸ್ ನೈಜರನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ನೈಜರನು 1902ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದನು. ತಂದೆಯು ಬ್ರೂಕ್ಲಿನ್ನಿನಲ್ಲಿ ಬಟ್ಟೆಗಳನ್ನು ಶುಚಿಮಾಡಿಕೊಡುವ ಒಂದು ಸಣ್ಣ ಅಂಗಡಿಯನ್ನಿಟ್ಟು ಸಂಸಾರವನ್ನು ಸಾಗಿಸುತ್ತಿದ್ದನು. ಹುಡುಗನು ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ಭಾಷಣದಲ್ಲಿ ಬಹುಮಾನಗಳನ್ನು ಗಳಿಸಿ, 1924ರಲ್ಲಿ ಕಾನೂನಿನ ಪದವಿಯನ್ನು ಪಡೆದನು. ಎರಡು ವರ್ಷಗಳ ತರುವಾಯ ಲೂಯಿಸ್ ಫಿಲಿಪ್ಸನೊಡನೆ ಸೇರಿ ಕಚೇರಿಯನ್ನು ತೆರೆದನು. ಆಗ ಚಲನಚಿತ್ರದ ವ್ಯಾಪಾರವು ಹೊಸದಾಗಿ ಹಣ ಕಾಣುತ್ತಿದ್ದ ಕಾಲ. ಚಿತ್ರಗಳನ್ನು ಹಂಚುವವರಿಗೂ ಚಿತ್ರಮಂದಿರಗಳ ಒಡೆಯರಿಗೂ ಲೆಕ್ಕಪತ್ರಗಳ ಜಗಳಗಳು ಬೇಕಾದಷ್ಟಿದ್ದುವು. ನ್ಯೂಯಾರ್ಕಿನ ಚಿತ್ರ ವಿತರಕರ ಮಂಡಲಿಗೆ ವಕೀಲನಾದ ನೈಜರನು ಈ ಮಾರ್ಗವಾಗಿ ನಟರು, ಲೇಖಕರು, ನಿರ್ಮಾಪಕರು ಇವರ ಲೋಕವನ್ನು ಹೊಕ್ಕನು.

ಚಾರ್ಲಿ ಚಾಪ್ಲಿನ್ನನ ಹೆಸರನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಆತನ ‘ದಿ ಗ್ರೇಟ್ ಡಿಕ್ಟೇಟರ್’ ಎಂಬ ಚಿತ್ರದ ಕಲ್ಪನೆಯು ತನ್ನದೆಂದು ಕಾನ್ರಾಡ್ ಬರ್ಕೊವಿಚಿ ಎಂಬ ಲೇಖಕನು ದಾವೆ ಹೂಡಿದಾಗ, ಆ ಲೇಖಕನ ಪರ ನಿಂತವನು ನೈಜರನೇ. 1947ರಲ್ಲಿ ವಿಚಾರಣೆಯು ನಡೆಯುತ್ತಿದ್ದಂತೆಯೇ ಚಾಪ್ಲಿನ್ನನು 95,000 ಡಾಲರುಗಳನ್ನು ಕೊಟ್ಟು ರಾಜಿಮಾಡಿಕೊಂಡನು. ಕಲ್ಪನೆಯು ಯಾರದೆಂಬುದು ತೀರ್ಪಾಗದೆಯೇ ಉಳಿಯಿತು.

ನೈಜರನನ್ನು ವಾಗ್ಮಿಯೆಂದು ಹೊಗಳಿದವರೇ ಹೆಚ್ಚು. ನಮ್ಮ ಎಣಿಕೆಯಲ್ಲಿ ಆತನ ನಿಜವಾದ ಬಲವು ನಾಲಗೆಯದಲ್ಲ, ವಿಚಾರಣೆಗೆ ಮುನ್ನ ಆತನು ಮಾಡುತ್ತಿದ್ದ ದುಡಿಮೆಯದು. ಮನುಷ್ಯನು ಯಾವ ಸನ್ನಿವೇಶದಲ್ಲಿ ಹೇಗೆ ನಡೆದುಕೊಳ್ಳುವುದು ಸಂಭವವೋ ಅದಕ್ಕೆ ವಿರುದ್ಧವಾದ ಮಾತು ಸಾಕ್ಷಿಯ ಬಾಯಿಂದ ಬಂದರೆ, ಅಲ್ಲಿಯೇ ಅಗೆಯಬೇಕೆಂಬುದು ಆತನ ಸೂತ್ರ. ಇದನ್ನು ಆತನು ಸಂಭವನೀಯತೆಯ ನಿಯಮವೆಂದು ಕರೆಯುತ್ತಿದ್ದನು. ಹಾಗೆ ಅಗೆಯುವುದಕ್ಕೆ ಬೇಕಾದ ಹಳೆಯ ಪತ್ರಗಳು, ಪತ್ರಿಕೆಯ ತುಣುಕುಗಳು, ದಿನಾಂಕಗಳು ಇವೆಲ್ಲವನ್ನೂ ಮೊದಲೇ ಕೂಡಿಹಾಕಿರುತ್ತಿದ್ದನು.

ಈ ದುಡಿಮೆಯ ಫಲವು 1954ರಲ್ಲಿ ಎಲ್ಲರಿಗೂ ಕಂಡಿತು. ಕ್ವೆಂಟಿನ್ ರೆನಾಲ್ಡ್ಸನು ಎರಡನೆಯ ಮಹಾಯುದ್ಧದ ಕಾಲದಲ್ಲಿ ರಣರಂಗದ ವರದಿಗಳಿಂದ ಹೆಸರಾದ ಪತ್ರಕರ್ತ. ಆತನು ಬರೆದ ಒಂದು ಪುಸ್ತಕ ವಿಮರ್ಶೆಯಿಂದ ಕೆರಳಿದ ವೆಸ್ಟ್‌ಬ್ರೂಕ್ ಪೆಗ್ಲರ್ ಎಂಬ ಅಂಕಣಕಾರನು, 1949ರಲ್ಲಿ ಹರ್ಸ್ಟ್ ಸಂಸ್ಥೆಯ ಪತ್ರಿಕೆಗಳಲ್ಲಿ ಆತನನ್ನು ಹೇಡಿಯೆಂದೂ ಯುದ್ಧದಲ್ಲಿ ಹಣ ಹೊಡೆದವನೆಂದೂ ಜರೆದನು. ನೈಜರನು ಪೆಗ್ಲರನನ್ನು ಕಟಕಟೆಯಲ್ಲಿ ದಿನಗಟ್ಟಲೆ ಪಾಟೀಸವಾಲಿಗೆ ಗುರಿಮಾಡಿದನು. ಬರೆದವರ ಹೆಸರನ್ನು ಹೇಳದೆ ಕೆಲವು ವಾಕ್ಯಗಳನ್ನೋದಿ, ಇವು ಕಮ್ಯೂನಿಸ್ಟರ ಮಾತುಗಳಲ್ಲವೇ ಎಂದು ಕೇಳಿದನು. ಪೆಗ್ಲರನು ಹೌದೆಂದನು. ಆ ವಾಕ್ಯಗಳು ಪೆಗ್ಲರನೇ ಹಿಂದೆ ಬರೆದವುಗಳಾಗಿದ್ದುವು! ಜ್ಯೂರಿಯವರು ನಷ್ಟಕ್ಕೆಂದು ಒಂದೇ ಒಂದು ಡಾಲರನ್ನೂ, ದಂಡವೆಂದು 1,75,000 ಡಾಲರುಗಳನ್ನೂ ವಿಧಿಸಿದರು. ರೆನಾಲ್ಡ್ಸನ ಕಿಸೆಗಿಂತ ಪೆಗ್ಲರನ ನಡತೆಯ ಮೇಲೆಯೇ ಅವರ ಕಣ್ಣಿದ್ದುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಇಷ್ಟಾದರೂ ನೈಜರನ ಹೆಸರು ನಿಲ್ಲುವುದು ಜಾನ್ ಹೆನ್ರಿ ಫಾಕನ ಮೊಕದ್ದಮೆಯಿಂದ. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಫಾಕನು ಟೆಕ್ಸಸ್ ಪ್ರಾಂತದವನು. ಹಳ್ಳಿಯವರ ಮಾತಿನ ಧಾಟಿಯಲ್ಲಿ ಕಥೆಗಳನ್ನು ಹೇಳಿ ನಗಿಸುತ್ತ, ನ್ಯೂಯಾರ್ಕಿನ ಸಿ.ಬಿ.ಎಸ್. ರೇಡಿಯೋದಲ್ಲಿ ಒಳ್ಳೆಯ ಸಂಪಾದನೆಯಲ್ಲಿದ್ದನು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಕಮ್ಯೂನಿಸ್ಟರ ಭೀತಿಯು ಹಬ್ಬಿತ್ತು. ‘ಅವೇರ್’ ಎಂಬ ಸಂಘವೊಂದು ನಟನಟಿಯರ ಪೈಕಿ ಶಂಕಾಸ್ಪದರೆಂದು ತಾನು ಕಂಡವರ ಹೆಸರುಗಳನ್ನು ಅಚ್ಚುಹಾಕಿಸಿ ಹಂಚುತ್ತಿತ್ತು. ಅದರ ವಿನ್ಸೆಂಟ್ ಹಾರ್ಟ್ನೆಟ್ ಎಂಬವನು, ಕಾರ್ಯಕ್ರಮಗಳಿಗೆ ಹಣ ಕೊಡುವ ಕಂಪನಿಗಳು ಕಳುಹಿಸಿದ ಹೆಸರುಗಳನ್ನು ಪರೀಕ್ಷಿಸಿ, ತಲೆಗಿಷ್ಟೆಂದು ಶುಲ್ಕವನ್ನು ವಸೂಲುಮಾಡುತ್ತಿದ್ದನು. ಸಿರಾಕ್ಯೂಸ್ ಪಟ್ಟಣದ ಲಾರೆನ್ಸ್ ಜಾನ್ಸನನು ದಿನಸಿ ಅಂಗಡಿಗಳ ಒಡೆಯ. ಇಂತಹ ನಟನನ್ನು ತೆಗೆದುಹಾಕದಿದ್ದರೆ ನಿಮ್ಮ ಸರಕಿನ ಪಕ್ಕದಲ್ಲಿಯೇ ಅದನ್ನು ಸಾರುವ ಫಲಕವನ್ನು ತೂಗುಹಾಕುವೆನೆಂದು ಆತನು ಕಂಪನಿಗಳನ್ನು ಬೆದರಿಸುತ್ತಿದ್ದನು. ವ್ಯಾಪಾರಿಗಳು ಹೆದರಿದರು, ನಟರು ಬೀದಿಪಾಲಾದರು. ಯಾರೂ ಯಾರ ಮೇಲೆಯೂ ಆರೋಪ ಹೊರಿಸುತ್ತಿರಲಿಲ್ಲ. ಒಂದು ದಿನ ಕೆಲಸಕ್ಕೆ ಕರೆ ಬರುವುದು ನಿಂತುಹೋಗುತ್ತಿತ್ತು, ಅಷ್ಟೆ.

1955ರಲ್ಲಿ ಫಾಕನೂ ಅವನ ಮಿತ್ರರೂ ಈ ಪದ್ಧತಿಯನ್ನು ವಿರೋಧಿಸಿ ಕಲಾವಿದರ ಸಂಘದ ಚುನಾವಣೆಯಲ್ಲಿ ಗೆದ್ದರು. ಮರುವರ್ಷದ ಫೆಬ್ರವರಿಯಲ್ಲಿ ‘ಅವೇರ್’ ಸಂಘವು ಫಾಕನ ಮೇಲೆ ಏಳು ಆಪಾದನೆಗಳನ್ನು ಅಚ್ಚುಮಾಡಿತು. ಅವನು ಕಮ್ಯೂನಿಸ್ಟರ ಸಮಾರಂಭದಲ್ಲಿ ವಿನೋದ ಹೇಳಿದನೆಂಬುದು ಅವುಗಳಲ್ಲೊಂದು. ನೈಜರನು ಶೋಧಿಸಲಾಗಿ, ಅದು ವಿಶ್ವಸಂಸ್ಥೆಯ ಗೌರವಾರ್ಥ ಗಣ್ಯರು ನಡೆಸಿದ ಔತಣವೆಂದು ಹೊರಬಿತ್ತು. ಫಾಕನು 1956ರ ಜೂನ್ ತಿಂಗಳಲ್ಲಿ ದಾವೆ ಹೂಡಿದನು. ನೈಜರನು ಪ್ರಾರಂಭಕ್ಕೆಂದು ಕೇಳಿದ 10,000 ಡಾಲರುಗಳಲ್ಲಿ 7,500ನ್ನು ಹೆಸರಾಂತ ಪತ್ರಕರ್ತ ಎಡ್ವರ್ಡ್ ಮರ್ರೋ ಕೊಟ್ಟನು. ಮರುವರ್ಷ ಸಿ.ಬಿ.ಎಸ್. ಫಾಕನನ್ನು ಕೆಲಸದಿಂದ ಬಿಡಿಸಿತು. ಬೇರೆಡೆಯೂ ಕೆಲಸ ಹುಟ್ಟದೆ, ಅವನು ಸಾಲದ ಹೊರೆಯನ್ನು ಹೊತ್ತು ಹೆಂಡತಿ ಮಕ್ಕಳೊಡನೆ ಟೆಕ್ಸಸ್ಸಿಗೆ ಮರಳಿದನು.

ವಿಚಾರಣೆ ಬರುವುದಕ್ಕೆ ಆರು ವರ್ಷಗಳು ಹಿಡಿದುವು. ಪ್ರತಿವಾದಿಗಳ ಪರ ಇದ್ದುದು ರಾಯ್ ಕೋನನ ಪ್ರಬಲ ಕಚೇರಿ. ಅದಕ್ಕಿಂತಲೂ ದೊಡ್ಡ ತೊಡಕೆಂದರೆ ಸಾಕ್ಷಿಗಳದು. ಖಾಸಗಿಯಾಗಿ ಕಣ್ಣೀರಿಟ್ಟವರೇ ಕೋರ್ಟಿಗೆ ಬನ್ನಿರೆಂದೊಡನೆ ಹಿಂಜರಿದರು. ತಮ್ಮ ತುತ್ತಿಗೂ ಸಂಚಕಾರ ಬಂದೀತೆಂಬ ಅಂಜಿಕೆಯನ್ನು ದೂಷಿಸುವುದು ಸುಲಭ. ಅವರ ಮನೆಯಲ್ಲಿಯೂ ಮಕ್ಕಳಿದ್ದರು. ಕೆಲವರು ಮಾತ್ರ ಧೈರ್ಯಮಾಡಿ ಬಂದರು. ನಟಿ ಕಿಮ್ ಹಂಟರ್ ತಾನು ಪಟ್ಟ ಪಾಡನ್ನು ಹೇಳಿದಳು. ನಟ ಎವರೆಟ್ ಸ್ಲೋನನು, ಬೇರೊಬ್ಬ ಸ್ಲೋನನ ಹೆಸರಿನ ಗೊಂದಲದಿಂದಲೇ ತನ್ನ ಕೆಲಸಗಳು ಕೈತಪ್ಪಿದುವೆಂದನು. ನಿರ್ಮಾಪಕ ಡೇವಿಡ್ ಸಸ್‌ಕೈಂಡನು, ಒಬ್ಬ ಪುಟ್ಟ ಬಾಲಿಕೆಯ ಹೆಸರನ್ನು ಕೂಡ ಒಪ್ಪಿಗೆಗೆ ಕಳುಹಿಸಬೇಕಾಯಿತೆಂದೂ, ಅದು ತಿರಸ್ಕೃತವಾಯಿತೆಂದೂ ಸಾಕ್ಷ್ಯ ನುಡಿದನು.

ಹಾರ್ಟ್ನೆಟ್ಟನ ಪಾಟೀಸವಾಲಿನ ಒಂದು ಪ್ರಸಂಗವು ಇಂದಿಗೂ ವಕೀಲರ ಬಾಯಲ್ಲಿದೆ. ಕೋರ್ಟಿನ ಸಭಾಂಗಣದಲ್ಲಿ ಕುಳಿತು ಅವನು ಬಂದುಹೋಗುವವರ ಹೆಸರುಗಳನ್ನು ಗುರುತುಹಾಕಿಕೊಳ್ಳುತ್ತಿದ್ದುದು ನೈಜರನಿಗೆ ತಿಳಿಯಿತು. ಏನು ಬರೆದುಕೊಂಡೆಯೆಂದು ಕೇಳಲು, ಇಂತಹ ನಟನು ಫಾಕನ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದನೆಂದು ಉತ್ತರ ಬಂದಿತು. ಹಾಗಾದರೆ ಆಕೆಯನ್ನು ತೋರಿಸೆಂದನು ನೈಜರ್. ಹಾರ್ಟ್ನೆಟ್ಟನು ಬೆರಳು ಮಾಡಿ ತೋರಿಸಿದನು. ನೈಜರನು ಆ ಮಹಿಳೆಯನ್ನು ಎದ್ದುನಿಂತು ಹೆಸರು ಹೇಳಬೇಕೆಂದು ಬೇಡಿದನು. ಆಕೆ ಫಾಕನ ಹೆಂಡತಿಯಾಗಿರಲಿಲ್ಲ. ಇಷ್ಟು ವರ್ಷ ಜನರನ್ನು ಗುರುತಿಸಿದ್ದೂ ಇಷ್ಟೇ ನಿಖರವಾಗಿಯೋ ಎಂಬರ್ಥದ ಒಂದು ಪ್ರಶ್ನೆಯನ್ನು ಎಸೆದು ನೈಜರನು ಮುಂದೆ ಸಾಗಿದನು. ನಾಟಕದಲ್ಲಿ ಇದನ್ನು ಬರೆದಿದ್ದರೆ ಅಸಂಭವವೆಂದು ನಾವೇ ಆಕ್ಷೇಪಿಸುತ್ತಿದ್ದೆವು.

ತೀರ್ಪಿನ ಹಿಂದಿನ ದಿನ ಜಾನ್ಸನನು ಒಂದು ವಸತಿಗೃಹದಲ್ಲಿ ಸತ್ತುಬಿದ್ದಿದ್ದನು. ಅವನು ಸಾಕ್ಷಿಯ ಕಟಕಟೆಗೆ ಬರಲೇ ಇಲ್ಲ. 1962ರ ಜೂನ್ 28ರಂದು, ವಾದಿಯು ಕೇಳಿದುದಕ್ಕಿಂತ ಹೆಚ್ಚಾಗಿ ಕೊಡಬಹುದೇ ಎಂದು ಜ್ಯೂರಿಯವರು ನ್ಯಾಯಾಧೀಶ ಗೆಲ್ಲರನನ್ನು ಪ್ರಶ್ನಿಸಿದರು. ಕೊನೆಗೆ ಅವರು ವಿಧಿಸಿದ ಮೊತ್ತ 35 ಲಕ್ಷ ಡಾಲರು. ಮೇಲಿನ ನ್ಯಾಯಾಲಯವು ಅದನ್ನು 5,50,000ಕ್ಕೆ ಇಳಿಸಿತು. ಸಾಲಗಳೂ ಖರ್ಚುಗಳೂ ಕಳೆದು ಫಾಕನ ಕೈಗೆ ಉಳಿದುದು ಸುಮಾರು 75,000. ಆರು ವರ್ಷಗಳ ವನವಾಸಕ್ಕೆ ಇದು ಸಾಲದು. ಹೋದ ರೇಡಿಯೋ ಕೆಲಸವಂತೂ ಹಿಂತಿರುಗಲಿಲ್ಲ. ಆದರೂ ಹೆಸರುಪಟ್ಟಿಯ ವ್ಯಾಪಾರಕ್ಕೆ ಈ ತೀರ್ಪು ಬಲವಾದ ಪೆಟ್ಟುಕೊಟ್ಟಿತು. 1975ರಲ್ಲಿ ಈ ಕಥೆಯನ್ನು ದೂರದರ್ಶನದ ಚಿತ್ರವಾಗಿ ತೋರಿಸಿದುದು ಬೇರಾರೂ ಅಲ್ಲ, ಫಾಕನನ್ನು ಬಿಡಿಸಿದ ಸಿ.ಬಿ.ಎಸ್. ಸಂಸ್ಥೆಯೇ. ಜಾರ್ಜ್ ಸಿ. ಸ್ಕಾಟನು ಅದರಲ್ಲಿ ನೈಜರನಾಗಿ ಅಭಿನಯಿಸಿದನು.

ದೊಡ್ಡ ಕಂಪನಿಗಳ ಕಲಹಗಳಲ್ಲಿಯೂ ನೈಜರನು ನುರಿತವನು. 1957ರಲ್ಲಿ ಎಂ.ಜಿ.ಎಂ. ಚಿತ್ರಸಂಸ್ಥೆಯ ಒಡೆತನವಿದ್ದ ಲೋಸ್ ಕಂಪನಿಯ ಹಿಡಿತಕ್ಕಾಗಿ ನಡೆದ ಹೋರಾಟದಲ್ಲಿ, ಅಧ್ಯಕ್ಷ ಜೋಸೆಫ್ ವೋಗಲನ ಪರ ನಿಂತು ಗೆಲ್ಲಿಸಿದನು. ಎಣ್ಣೆಯ ವ್ಯಾಪಾರದ ಧನಿಕ ಆರ್ಮಂಡ್ ಹ್ಯಾಮರನು, ಅಧ್ಯಕ್ಷ ನಿಕ್ಸನನ 1972ರ ಚುನಾವಣಾ ನಿಧಿಗೆ ಕಾನೂನು ಮೀರಿ 54,000 ಡಾಲರುಗಳನ್ನು ಸೇರಿಸಿದನೆಂಬ ಅಪರಾಧದಲ್ಲಿ ಸಿಕ್ಕಿಬಿದ್ದಾಗಲೂ ನೈಜರನನ್ನೇ ನಂಬಿದನು. ಆ ಧನಿಕನು ತಪ್ಪೊಪ್ಪಿಕೊಂಡು, 1976ರಲ್ಲಿ 3,000 ಡಾಲರು ಜುಲ್ಮಾನೆಯೊಂದಿಗೆ ಪಾರಾದನು, ಸೆರೆಮನೆಯನ್ನು ಕಾಣಲಿಲ್ಲ. ಫಾಕನ ಕಥೆಯನ್ನೋದಿದ ಮೇಲೆ ಇದು ನಾಲಗೆಗೆ ಅಷ್ಟು ರುಚಿಸುವುದಿಲ್ಲ. ಆದರೆ ಕಕ್ಷಿಗಾರನು ಸಾಧುವೇ ಆಗಿರಬೇಕೆಂಬ ನಿಯಮ ವಕೀಲಿಯಲ್ಲಿಲ್ಲ.

ಮುಪ್ಪಿನಲ್ಲಿಯೂ ಆತನ ವಾದವು ಕುಂದಲಿಲ್ಲ. ಜಾರ್ಜಿಯ ಪ್ರಾಂತದ ಆಲ್ಬನಿ ಪಟ್ಟಣದ ಚಿತ್ರಮಂದಿರದ ವ್ಯವಸ್ಥಾಪಕನೊಬ್ಬನಿಗೆ, ‘ಕಾರ್ನಲ್ ನಾಲೆಜ್’ ಎಂಬ ಚಿತ್ರವನ್ನು ತೋರಿಸಿದುದಕ್ಕಾಗಿ 750 ಡಾಲರು ದಂಡವಾಗಿತ್ತು. ನೈಜರನು ಇದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದನು. ಅಲ್ಲಿಯ ನ್ಯಾಯಮೂರ್ತಿಗಳೆಲ್ಲರೂ 1974ರಲ್ಲಿ ಏಕಮತದಿಂದ ಆ ಶಿಕ್ಷೆಯನ್ನು ರದ್ದುಗೊಳಿಸಿದರು. ತನ್ನ ಮೊಕದ್ದಮೆಗಳನ್ನು ಕುರಿತು 1961ರಲ್ಲಿ ಆತನು ಪ್ರಕಟಿಸಿದ ‘ಮೈ ಲೈಫ್ ಇನ್ ಕೋರ್ಟ್’ ಎಂಬ ಪುಸ್ತಕವನ್ನು, ಕಾನೂನಿನ ಗಂಧವಿಲ್ಲದವರೂ ಕಾದಂಬರಿಯಂತೆ ಓದಿದರು. ಬಿಡುವಿನಲ್ಲಿ ಚಿತ್ರ ಬರೆಯುವ ಹವ್ಯಾಸವೂ ಆತನಿಗಿತ್ತು. 1994ರ ನವೆಂಬರಿನಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿಯೇ ತೀರಿಕೊಂಡನು. ಫಾಕನು ಅದಕ್ಕೆ ನಾಲ್ಕು ವರ್ಷ ಮೊದಲೇ ತನ್ನ ಊರಾದ ಆಸ್ಟಿನ್ನಿನಲ್ಲಿ ಮಡಿದಿದ್ದನು; ಆ ಪಟ್ಟಣದವರು ತಮ್ಮ ಮುಖ್ಯ ಗ್ರಂಥಾಲಯಕ್ಕೆ ಅವನ ಹೆಸರನ್ನಿಟ್ಟರು.