ಇಲ್ಲಿ ಮುದ್ದು ಮಾಡುವಂತಿಲ್ಲ

ಕಣ್ಣು ಬಿಡದ ಅಳಿಲು ಮರಿಗೆ ಹಾಲು ಕುಡಿಸುವುದೇನು ಮಹಾ ಎಂದುಕೊಳ್ಳುವವರು ಆ ಹುಡುಗಿಯ ಕೈಯನ್ನೊಮ್ಮೆ ನೋಡಬೇಕು. ಹಾಸನದ ಕಡೆಯವಳು, ಪಶುವೈದ್ಯ ಪದವಿಯ ವಿದ್ಯಾರ್ಥಿನಿ, ಈಗ ಕೆಂಗೇರಿಯ ವನ್ಯಜೀವಿ ಆಸ್ಪತ್ರೆಯಲ್ಲಿ ಇಂಟರ್ನ್. ಮರಿಯನ್ನು ಅಂಗಾತ ಮಲಗಿಸದೆ, ತಲೆ ಮೇಲಾಗಿ ಹಿಡಿದು, ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತಾಳೆ. ಅವಸರ ಮಾಡಿದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ. ಕುಡಿಸಿದ್ದಾದ ಮೇಲೆ ಒದ್ದೆ ಹತ್ತಿಯಿಂದ ಕಿಬ್ಬೊಟ್ಟೆ ಒರೆಸಬೇಕು. ತಾಯಿ ನೆಕ್ಕಿದಂತಾಗದೆ ಮರಿ ಉಚ್ಚೆ ಹೊಯ್ಯದು. ಆಮೇಲೆ ತೂಕ ನೋಡಿ ಪುಸ್ತಕದಲ್ಲಿ ಗ್ರಾಂ ಲೆಕ್ಕ ಬರೆಯಬೇಕು. ಇಷ್ಟೂ ಹೊತ್ತು ಅವಳ ಬಾಯಿಂದ ಒಂದು ಮಾತಿಲ್ಲ.

ಮರಿಗೆ ಹೆಸರಿಡುವಂತಿಲ್ಲ, ಮಾತಾಡಿಸುವಂತಿಲ್ಲ, ಸೆಲ್ಫಿಯಂತೂ ದೂರದ ಮಾತು. ಪ್ರಾಣಿಪ್ರೀತಿ ಹೊತ್ತು ಬರುವ ಹುಡುಗ ಹುಡುಗಿಯರಿಗೆ ಇದೇ ಮೊದಲ ಆಘಾತ. ಮನುಷ್ಯರ ದನಿಗೆ ಓಡಿ ಬರುವುದನ್ನು ಕಲಿತ ಅಳಿಲು ಹೊರಗೆ ಹೋದ ಮೇಲೆ ಯಾವುದೋ ನಾಯಿಯ ಬಾಯಿಗೆ ಬೀಳುತ್ತದೆ. ಇಲ್ಲಿಂದ ಹೊರಡುವ ಪ್ರಾಣಿ ನಮ್ಮನ್ನು ಕಂಡು ಹೆದರಬೇಕು; ಹಾಗೆ ಹೆದರಿದರೆ ಮಾತ್ರ ಚಿಕಿತ್ಸೆ ಪೂರ್ತಿಯಾದ ಹಾಗೆ.

ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಈ ಆಸ್ಪತ್ರೆ ಬೆಂಗಳೂರಿನಲ್ಲಿ ಶುರುವಾದದ್ದು 1996ರಲ್ಲಿ. ಆಗ ಕೆಂಗೇರಿಯೆಂದರೆ ಊರಾಚೆ. ಈಗ ಊರೇ ಆಸ್ಪತ್ರೆಯನ್ನು ದಾಟಿ ಮುಂದೆ ಹೋಗಿದೆ, ದಾರಿಯಲ್ಲಿ ರೋಗಿಗಳನ್ನೂ ಹುಟ್ಟಿಸುತ್ತ ಹೋಗಿದೆ. ವಿದ್ಯುತ್ ತಂತಿ ಮುಟ್ಟಿದ ಕಾಡುಪಾಪ, ಪಾಯ ತೋಡುವಾಗ ಜೆಸಿಬಿಗೆ ಸಿಕ್ಕ ಕೇರೆಹಾವು, ಗಾಜಿನ ಕಟ್ಟಡಕ್ಕೆ ಬಡಿದ ಹಕ್ಕಿ, ಪಂಜರದಲ್ಲಿ ಸಾಕುವುದು ಅಪರಾಧವೆಂದು ಗೊತ್ತಾದ ಮೇಲೆ ಯಾರೋ ತಂದು ಒಪ್ಪಿಸಿದ ಗಿಳಿ.

ಇಂಟರ್ನ್‌ಗಳ ದಿನಚರಿಯಲ್ಲಿ ರೋಚಕವಾದದ್ದು ಹೆಚ್ಚೇನಿಲ್ಲ. ಪಂಜರ ತೊಳೆಯುವುದು, ಹಣ್ಣು ಹೆಚ್ಚುವುದು, ಟವೆಲ್ ಒಗೆಯುವುದು, ಹಿಕ್ಕೆಯ ಬಣ್ಣ ಬರೆದಿಡುವುದು. ಸಸ್ತನಿಗಳನ್ನು ಮುಟ್ಟುವವರು ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು.

ನಾನು ಹೋಗಿದ್ದು ಹದ್ದುಗಳನ್ನು ನೋಡಲು. ಬೆಂಗಳೂರಿನ ಆಕಾಶದಲ್ಲಿ ಸದಾ ಸುತ್ತುವ, ಕೋಳಿ ಅಂಗಡಿಗಳ ಮೇಲೆ ಎರಗುವ, ಯಾರೂ ಕತ್ತೆತ್ತಿ ನೋಡದ ಆ ಕಂದು ಹದ್ದುಗಳನ್ನು. ಆಷಾಢದ ಗಾಳಿ ಎದ್ದು ಮಕ್ಕಳು ಗಾಳಿಪಟ ಹಾರಿಸತೊಡಗಿದರೆ ಇವುಗಳಿಗೆ ಗ್ರಹಚಾರ. ಹಾರಿಸಿ ಮರೆತ ಮಾಂಜಾ ದಾರ ಮರದಿಂದ ಮರಕ್ಕೆ ಜೋತುಬಿದ್ದಿರುತ್ತದೆ. ಅದಕ್ಕೆ ಸಿಕ್ಕ ಹದ್ದು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಗಾಜಿನ ಪುಡಿ ಮೆತ್ತಿದ ಆ ದಾರ ಗರಗಸದಂತೆ ಒಳಕ್ಕೆ ಕೊಯ್ಯುತ್ತದೆ. ಭುಜದಿಂದ ಮಣಿಕಟ್ಟಿಗೆ ಚಾಚಿಕೊಂಡ ತೆಳು ಪೊರೆಯೊಂದಿದೆ. ಅದರ ಅಂಚಿನ ಸ್ನಾಯುರಜ್ಜು ತುಂಡಾದರೆ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳದು. ಎಷ್ಟೋ ಹಕ್ಕಿಗಳು ದಿನಗಟ್ಟಲೆ ತಲೆಕೆಳಗಾಗಿ ನೇತಾಡಿ, ಗಾಯದಲ್ಲಿ ಹುಳು ಬಿದ್ದ ಮೇಲೆ ಇಲ್ಲಿಗೆ ಬರುತ್ತವೆ.

ಬಂದ ಕೂಡಲೇ ಮಾಂಸ ಹಾಕಿದರೆ ಬಳಲಿದ ಹಕ್ಕಿ ಸತ್ತೇ ಹೋಗಬಹುದು. ಮೊದಲು ಕತ್ತಲು, ಶಾಖ, ದ್ರವ. ನಂತರ ಹೊಲಿಗೆ, ರೆಕ್ಕೆಯನ್ನು ಮಡಿಸಿ ಕಟ್ಟುವ ಬ್ಯಾಂಡೇಜು. ಆ ಕಟ್ಟನ್ನು ಹೆಚ್ಚು ದಿನ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ, ಬೇಗ ಬಿಚ್ಚಿದರೆ ಹೊಲಿಗೆ ಕಿತ್ತುಬರುತ್ತದೆ. ಎಂದು ಬಿಚ್ಚಬೇಕೆಂಬುದನ್ನು ಪುಸ್ತಕ ಹೇಳುವುದಿಲ್ಲ, ಕೈ ಹೇಳಬೇಕು ಎಂದಳು ಆ ಹುಡುಗಿ.

ಗಾಯ ಮಾಗಿದರೂ ಗರಿ ಮುರಿದಿದ್ದರೆ ಹಾರಲಾಗದು. ಗರಿ ಉದುರಿ ಹೊಸದು ಬರುವ ಕಾಲಕ್ಕೆ ಕಾಯುತ್ತ ತಿಂಗಳುಗಟ್ಟಲೆ ಪಂಜರದಲ್ಲಿ ಕೂತ ಹಕ್ಕಿ ಕೊರಗುತ್ತದೆ. ಅದಕ್ಕೆ ಗರಿ ಕಸಿ ಎಂಬ ವಿದ್ಯೆಯಿದೆ. ಸತ್ತ ಹದ್ದಿನ ರೆಕ್ಕೆಯಿಂದ ಅದೇ ಪಕ್ಕದ, ಅದೇ ಸ್ಥಾನದ ಗರಿ ತೆಗೆದು, ಮುರಿದ ಗರಿಯ ಟೊಳ್ಳು ಬುಡಕ್ಕೆ ಸೀಳಿದ ಬಿದಿರಿನ ಕಡ್ಡಿಯೊಂದನ್ನು ಸೇರಿಸಿ ಅಂಟು ಹಾಕಿ ಕೂಡಿಸುವುದು. ಬೆಳೆದ ಗರಿಗೆ ಜೀವವಿಲ್ಲವಾದ್ದರಿಂದ ನೋವಿಲ್ಲ. ಕಾಲ ಬಂದಾಗ ಕಸಿಯ ಗರಿ ಉದುರಿ, ಅದರ ಜಾಗದಲ್ಲಿ ಹಕ್ಕಿಯ ಸ್ವಂತದ್ದು ಹುಟ್ಟುತ್ತದೆ. ಇದು ಡೇಗೆ ಸಾಕಿ ಬೇಟೆಯಾಡುತ್ತಿದ್ದವರು ಕಂಡುಕೊಂಡ ವಿದ್ಯೆ. ಯುರೋಪಿನ ದೊರೆ ಎರಡನೇ ಫ್ರೆಡರಿಕ್ 13ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಡೇಗೆಯ ಆಟ ನಮ್ಮಲ್ಲೂ ಇತ್ತು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಅರಸರ ವಿನೋದಕ್ಕೆ ಹುಟ್ಟಿದ ಜಾಣ್ಮೆ ಈಗ ಬೀದಿಯ ಹದ್ದಿಗೆ ಒದಗುವುದೆಂದರೆ ನನಗಂತೂ ಖುಷಿ. ಆ ಹುಡುಗಿ ಇನ್ನೂ ಅಭ್ಯಾಸದ ಹಂತದಲ್ಲಿದ್ದಾಳೆ. ಉದುರಿದ ಗರಿಗಳನ್ನಿಟ್ಟುಕೊಂಡು, ಬ್ಲೇಡಿನಿಂದ ಬಿದಿರು ಹೆರೆಯುತ್ತ ಕೂರುತ್ತಾಳೆ.

ಎಲ್ಲ ಹದ್ದುಗಳೂ ಹಾರಿಹೋಗುವುದಿಲ್ಲ. ನೆಲದಿಂದ ತಾನಾಗಿ ಏಳಬೇಕು, ದೊಡ್ಡ ಪಂಜರದ ಆ ತುದಿ ಈ ತುದಿ ಏದುಸಿರಿಲ್ಲದೆ ಹಾರಬೇಕು, ಆಗ ಬಿಡುಗಡೆ. ಆಗದ್ದಕ್ಕೆ ಕೆಲವೊಮ್ಮೆ ದಯಾಮರಣವೇ ದಾರಿ, ಆ ದಿನ ಹುಡುಗಿಗೆ ಊಟ ಸೇರುವುದಿಲ್ಲವಂತೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿತು. ದಾರ ಮಾತ್ರ ಇಂದಿಗೂ ಸಿಗುತ್ತದೆ, ಹದ್ದುಗಳು ಬರುತ್ತಲೇ ಇವೆ. ಓದು ಮುಗಿದ ಮೇಲೆ ಈ ಹುಡುಗಿಯೂ ಹಸು, ಎಮ್ಮೆ, ಕುರಿಗಳ ಚಿಕಿತ್ಸೆಗೇ ಹೋಗಬೇಕಾದೀತು; ನಮ್ಮಲ್ಲಿ ಕಾಡುಪ್ರಾಣಿಯ ವೈದ್ಯರಿಗೆ ಇರುವ ಹುದ್ದೆಗಳು ಅಷ್ಟೇ ಅಷ್ಟು. ಕಲಿತ ಕೈಗಳನ್ನು ಹೀಗೆ ಕಳೆದುಕೊಳ್ಳುವುದು ನಾಡಿಗೆ ನಷ್ಟವೆಂದೇ ನನ್ನ ಅಭಿಪ್ರಾಯ.

ನಿಮ್ಮ ತಾರಸಿಯಲ್ಲೋ ಹಿತ್ತಲಲ್ಲೋ ಗಾಯಗೊಂಡ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಹುಯ್ಯಬೇಡಿ, ಅಳಿಲು ಮರಿಗೆ ಹಸುವಿನ ಹಾಲು ಕುಡಿಸಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಳಗೆ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮರದಲ್ಲಿ ಮಾಂಜಾ ತುಂಡು ಕಂಡರೆ ಕೈಗೆಟುಕುವಷ್ಟನ್ನು ಸುತ್ತಿ ತೆಗೆದು, ತುಂಡು ತುಂಡಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ.